ಸ್ಪಿನ್ನಿಂಗ್ ರಾಡ್ ಅಥವಾ ಕಾಸ್ಟಿಂಗ್ ರಾಡ್: ಕಾಸರಗೋಡಿನ ಅಳಿವೆಗಳಿಗೆ ಗಾಳ ಆರಿಸುವ ಕ್ರಮ

ಲೂರ್ ಎಂಬ ಕೃತಕ ಮೀನು ಕಟ್ಟಿ ಗಾಳ ಎಸೆಯಲು ಹೊರಟವರಿಗೆ ಅಂಗಡಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ, ರೀಲು ಕೋಲಿನ ಅಡಿಯಲ್ಲಿ ತೂಗುವ ಸ್ಪಿನ್ನಿಂಗ್ ರಾಡ್ ಬೇಕೇ, ರೀಲು ಕೋಲಿನ ಮೇಲೆ ಕೂರುವ ಕಾಸ್ಟಿಂಗ್ ರಾಡ್ ಬೇಕೇ ಎಂಬುದು. ಸ್ಪಿನ್ನಿಂಗ್ ಹೊಸಬರಿಗೆ, ಕಾಸ್ಟಿಂಗ್ ಪಳಗಿದವರಿಗೆ ಎಂಬ ಉತ್ತರ ಎಲ್ಲ ಕಡೆ ಸಿದ್ಧವಾಗಿ ಸಿಗುತ್ತದೆ. ಕಾಸ್ಟಿಂಗ್ ರಾಡನ್ನು ಕೈಗೆ ಹೊಂದಿಸಿಕೊಳ್ಳಲು ಹೆಚ್ಚು ಅಭ್ಯಾಸ ಬೇಕು ಎನ್ನುವಷ್ಟರ ಮಟ್ಟಿಗೆ ಅದು ನಿಜ. ಆದರೆ ಅದೊಂದನ್ನೇ ನೆಚ್ಚಿ ಕೊಂಡರೆ, ಕೈ ಪಳಗಿದ ಮೇಲೂ ಹಗುರ ಲೂರ್ ಎಸೆಯಲಾಗದ ಕೋಲು ಅಥವಾ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನಿಂದ ಮೀನನ್ನು ಎಳೆದು ತರಲಾಗದ ಕೋಲು ಮನೆಯಲ್ಲಿ ಉಳಿಯುತ್ತದೆ. ಇವೆರಡು ಬೇರೆ ಬೇರೆ ಕೆಲಸಕ್ಕಾಗಿ ರೂಪುಗೊಂಡ ಸಾಧನಗಳು. ಯಾವ ನೀರು, ಆ ನೀರಿಗೆ ಎಷ್ಟು ತೂಕದ ಲೂರ್, ಆ ಲೂರಿಗೆ ಎಂತಹ ದಾರ ಎಂಬುದನ್ನು ಈ ಕ್ರಮದಲ್ಲಿ ಕೇಳಿಕೊಂಡು ಬಂದರೆ ರಾಡಿನ ಆಯ್ಕೆ ಬಹುತೇಕ ತಾನಾಗಿಯೇ ಇತ್ಯರ್ಥವಾಗುತ್ತದೆ.

ಬಾಸ್ ಮೀನಿನ ಸಲಕರಣೆ ನಮ್ಮ ಹೊಳೆಗೆ ಹೊಂದುವುದೇಕೆ

ಮಾರುಕಟ್ಟೆಯಲ್ಲಿ ಬಾಸ್ ರಾಡ್ ಎಂಬ ಹೆಸರಿನಲ್ಲಿ ಬರುವ ಕೋಲುಗಳನ್ನು ಉತ್ತರ ಅಮೆರಿಕದ ಸಿಹಿನೀರಿನ ಲಾರ್ಜ್‌ಮೌತ್ ಬಾಸ್ ಮೀನಿಗಾಗಿ ರೂಪಿಸಲಾಗಿದೆ. ಜಾರ್ಜಿಯಾ ರಾಜ್ಯದಲ್ಲಿ 1932ರಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್ ತೂಕದ ಮೀನು ಆ ಜಾತಿಯ ವಿಶ್ವದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಮೀನನ್ನು ಅದಕ್ಕೆ ಸಮವೆಂದು ಪರಿಗಣಿಸಲಾಗಿದೆ. ಅಂದರೆ ಆ ಜಾತಿಯ ಅತಿ ದೊಡ್ಡ ಮೀನೇ ಸುಮಾರು 10 ಕಿಲೋ ತೂಗಿತ್ತು. ಸಾಮಾನ್ಯವಾಗಿ ಸಿಗುವವು ಒಂದೆರಡು ಕಿಲೋದವು.

ನಮ್ಮಲ್ಲಿ ಆ ಮೀನಿಲ್ಲ. ಚಂದ್ರಗಿರಿ, ಮೊಗ್ರಾಲ್, ಶಿರಿಯಾ, ಉಪ್ಪಳ ಹೊಳೆಗಳು ಕಡಲು ಸೇರುವಲ್ಲಿ ಗಾಳಗಾರರು ಮುಖ್ಯವಾಗಿ ಅರಸುವುದು ಮಲಯಾಳದಲ್ಲಿ ಕಾಳಾಂಜಿ ಎನಿಸುವ ಬಾರಾಮುಂಡಿಯನ್ನು, ಅದರ ಜತೆಗೆ ಕೆಂಬೇರಿ ಮತ್ತು ಕೊಕ್ಕರ್ ಮೀನುಗಳನ್ನು. ಒಳನಾಡಿನ ಕೆರೆ, ಮದಕ, ಗದ್ದೆಯ ತೋಡುಗಳಲ್ಲಿ ಮಡೆಂಜಿ ಇದೆ. ಕಾಳಾಂಜಿಗೂ ಅಮೆರಿಕದ ಬಾಸಿಗೂ ಕುಟುಂಬ ಬೇರೆಯಾದರೂ ಬೇಟೆಯ ರೀತಿ ಬಹಳ ಮಟ್ಟಿಗೆ ಒಂದೇ. ಎರಡೂ ಆಸರೆಯ ಮರೆಯಲ್ಲಿ ನಿಂತು, ಎದುರಿಗೆ ಹಾಯುವ ಮೀನನ್ನೋ ಸಿಗಡಿಯನ್ನೋ ದೊಡ್ಡ ಬಾಯಿ ತೆರೆದು ಒಮ್ಮೆಲೇ ಒಳಗೆಳೆದುಕೊಳ್ಳುತ್ತವೆ. ಗಾಳ ಚುಚ್ಚಿದೊಡನೆ ಮತ್ತೆ ಆಸರೆಯತ್ತಲೇ ನುಗ್ಗುತ್ತವೆ. ಬಾಸ್ ಸಲಕರಣೆ ನಮ್ಮ ಹೊಳೆಗೆ ಒಗ್ಗುವುದಕ್ಕೆ ಈ ಸ್ವಭಾವವೇ ಕಾರಣ. ವ್ಯತ್ಯಾಸವಿರುವುದು ಗಾತ್ರದಲ್ಲಿ. ಕಾಳಾಂಜಿ 60 ಕಿಲೋವರೆಗೂ ಬೆಳೆಯಬಲ್ಲ ಮೀನು. ಅಳಿವೆಯಲ್ಲಿ ಅಷ್ಟು ದೊಡ್ಡದು ಸಿಗುವುದು ಅಪರೂಪವಾದರೂ ನಾಲ್ಕೈದು ಕಿಲೋದ್ದು ಯಾವ ಗಳಿಗೆಯಲ್ಲಾದರೂ ಹಿಡಿಯಬಹುದು. ಆದ್ದರಿಂದ ಬಾಸ್ ಮೀನಿಗೆಂದು ವಿದೇಶಿ ಬರಹಗಳು ಸೂಚಿಸುವ ಬಲಕ್ಕಿಂತ ಒಂದು ಮೆಟ್ಟಿಲು ಮೇಲಿನ ಕೋಲನ್ನು ನಾವು ನೋಡಬೇಕಾಗುತ್ತದೆ.

ಎರಡರ ಕೆಲಸದ ರೀತಿ

ರಾಡಿಗಿಂತ ಮೊದಲು ರೀಲನ್ನು ಅರ್ಥಮಾಡಿಕೊಳ್ಳಬೇಕು. ಏಕೆಂದರೆ ರಾಡಿನ ರೂಪವೆಲ್ಲ ರೀಲಿನಿಂದ ದಾರ ಹೇಗೆ ಹೊರಡುತ್ತದೆ ಎಂಬುದನ್ನು ಅವಲಂಬಿಸಿದೆ. ಹೊಲಿಗೆಯ ದಾರದ ಉರುಳೆಯೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ದಾರವನ್ನು ಮೇಲಕ್ಕೆ ಎಳೆದರೆ ಉರುಳೆ ಅಲುಗದೆ ದಾರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಅದೇ ಉರುಳೆಯನ್ನು ಮೊಳೆಗೆ ಸಿಕ್ಕಿಸಿ ದಾರ ಎಳೆದರೆ ಉರುಳೆಯೇ ತಿರುಗಿ ದಾರ ನೇರವಾಗಿ ಬರುತ್ತದೆ. ಮೊದಲನೆಯದು ಸ್ಪಿನ್ನಿಂಗ್ ರೀಲಿನ ತತ್ತ್ವ, ಎರಡನೆಯದು ಕಾಸ್ಟಿಂಗ್ ರೀಲಿನದು.

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್, ಅಂದರೆ ದಾರದ ಉರುಳೆ, ತಿರುಗುವುದಿಲ್ಲ. ಆದ್ದರಿಂದ ನಾಲ್ಕೈದು ಗ್ರಾಮಿನ ಹಗುರ ಲೂರ್ ಕೂಡ ದಾರವನ್ನು ಸಲೀಸಾಗಿ ಎಳೆದುಕೊಂಡು ಹೋಗಬಲ್ಲದು. ಹಗುರ ಲೂರನ್ನು ದೂರ ಎಸೆಯುವ ಅಗತ್ಯವೇ ಈ ಬಗೆಯ ರೀಲಿಗೆ ಹುಟ್ಟು ಕೊಟ್ಟಿತು. ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಇದರ ಮೊದಲ ರೂಪಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ದಾರ ಸುರುಳಿಯಾಗಿ ಹೊರಡುವುದರಿಂದ ಅದನ್ನು ಕ್ರಮೇಣ ಕಿರಿದುಗೊಳಿಸಲು ಸ್ಪಿನ್ನಿಂಗ್ ರಾಡಿನ ಮೊದಲ ಉಂಗುರ ದೊಡ್ಡದಾಗಿರುತ್ತದೆ, ಮುಂದಿನವು ತುದಿಯವರೆಗೆ ಚಿಕ್ಕದಾಗುತ್ತ ಹೋಗುತ್ತವೆ. ಎಸೆಯುವಾಗ ಕಿವಿಗೊಟ್ಟರೆ ಆ ಮೊದಲ ಉಂಗುರಕ್ಕೆ ದಾರದ ಸುತ್ತುಗಳು ಪಟಪಟನೆ ಬಡಿಯುವ ಸದ್ದು ಕೇಳಿಸುತ್ತದೆ. ಈ ಘರ್ಷಣೆಯೇ ಸ್ಪಿನ್ನಿಂಗಿನ ದೌರ್ಬಲ್ಯವೂ ಹೌದು. ದಾರ ದಪ್ಪವಾದಷ್ಟೂ ಸುತ್ತುಗಳು ಬಿರುಸಾಗಿ ಎಸೆತದ ದೂರ ಕುಗ್ಗುತ್ತದೆ. ಜತೆಗೆ, ಸುತ್ತುವಾಗ ದಾರಕ್ಕೆ ತಿರುಚು ಬೀಳುತ್ತದೆ.

ಕಾಸ್ಟಿಂಗ್ ರೀಲಿನಲ್ಲಿ ಲೂರಿನ ತೂಕವೇ ಸ್ಪೂಲನ್ನು ತಿರುಗಿಸಬೇಕು. ಸಾಮಾನ್ಯ ಬಾಸ್ ಕಾಸ್ಟಿಂಗ್ ರೀಲಿಗೆ ಇದು ಸುಖವಾಗಿ ಸಾಗಬೇಕಾದರೆ 10 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಲೂರ್ ಬೇಕು. ಲೂರ್ ನೀರಿಗೆ ಬಿದ್ದು ನಿಂತ ಮೇಲೂ ಸ್ಪೂಲ್ ತಿರುಗುತ್ತಲೇ ಇದ್ದರೆ ದಾರ ಒಳಗೇ ಉಬ್ಬಿ ಗೋಜಲಾಗುತ್ತದೆ. ಅದನ್ನು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಅದನ್ನು ತಡೆಯುವುದು ಸ್ಪೂಲಿನ ಮೇಲೆ ಸದಾ ಇರುವ ಹೆಬ್ಬೆರಳು. ಆ ಹೆಬ್ಬೆರಳೇ ಕಾಸ್ಟಿಂಗಿನ ದೊಡ್ಡ ಲಾಭ ಕೂಡ. ಲೂರ್ ಗಾಳಿಯಲ್ಲಿರುವಾಗಲೇ ಬೆರಳನ್ನು ಒಂದಿಷ್ಟು ಒತ್ತಿ ವೇಗ ತಗ್ಗಿಸಿ, ಕಾಂಡ್ಲಾ ಗಿಡದ ಎರಡು ಬೇರುಗಳ ನಡುವಿನ ಗೇಣಗಲದ ಜಾಗದಲ್ಲಿ ಸದ್ದಿಲ್ಲದೆ ಇಳಿಸಬಹುದು. ಮೀನು ಹಿಡಿದಾಗ ದಾರ ಯಾವ ತಿರುವೂ ಇಲ್ಲದೆ ನೇರವಾಗಿ ಸ್ಪೂಲಿಗೆ ಸುತ್ತಿಕೊಳ್ಳುವುದರಿಂದ ದಪ್ಪ ದಾರವನ್ನೂ ಜಗ್ಗಾಟದ ಒತ್ತಡವನ್ನೂ ಈ ರೀಲು ಸುಲಭವಾಗಿ ತಾಳುತ್ತದೆ. ಕಾಸ್ಟಿಂಗ್ ರಾಡಿನಲ್ಲಿ ಉಂಗುರಗಳು ಚಿಕ್ಕವಾಗಿ ಕೋಲಿನ ಮೇಲ್ಭಾಗದಲ್ಲಿರುತ್ತವೆ, ರೀಲು ಕೂರಿಸುವ ಸ್ಥಳದ ಕೆಳಗೆ ತೋರುಬೆರಳಿನ ಆಧಾರಕ್ಕೆ ಬಂದೂಕಿನ ಕುದುರೆಯಂತಹ ಕೊಕ್ಕೆಯಿರುತ್ತದೆ. ಅಂಗಡಿಯಲ್ಲಿ ಗುರುತಿಸಲು ಈ ಕೊಕ್ಕೆಯೊಂದೇ ಸಾಕು.

ಒಂದರ ರೀಲನ್ನು ಇನ್ನೊಂದರ ರಾಡಿಗೆ ಕಟ್ಟಬಹುದೇ ಎಂದು ಕೇಳುವವರಿದ್ದಾರೆ. ಕಟ್ಟಬಾರದು. ಕಾಸ್ಟಿಂಗ್ ರಾಡಿನ ಚಿಕ್ಕ ಉಂಗುರಗಳಲ್ಲಿ ಸ್ಪಿನ್ನಿಂಗ್ ರೀಲಿನ ಸುರುಳಿ ಉಸಿರುಗಟ್ಟುತ್ತದೆ.

ಮೊದಲ ಹೆಜ್ಜೆ: ನೀರನ್ನು ನೋಡುವುದು

ಕೊಳ್ಳುವ ಮೊದಲು, ನೀವು ಹೆಚ್ಚಾಗಿ ಹೋಗುವ ಜಾಗದಲ್ಲಿ ಇಳಿತದ ಹೊತ್ತಿಗೆ ಒಮ್ಮೆ ಗಾಳವಿಲ್ಲದೆ ನಿಂತು ನೋಡಿ. ಏರುಬ್ಬರದಲ್ಲಿ ಮುಚ್ಚಿಹೋಗುವ ಬಂಡೆ, ಕಾಂಡ್ಲಾ ಬೇರು, ಹಳೆಯ ಬಲೆಯ ಗೂಟ, ಸೇತುವೆಯ ಕಂಬದ ಬುಡದ ಚಿಪ್ಪುಗಳು ಆಗ ಕಣ್ಣಿಗೆ ಬೀಳುತ್ತವೆ. ಮೀನು ಎಲ್ಲಿ ನಿಲ್ಲುತ್ತದೆ, ಗಾಳ ಚುಚ್ಚಿದ ಮೇಲೆ ಎಲ್ಲಿಗೆ ನುಗ್ಗುತ್ತದೆ, ನಿಮ್ಮ ದಾರ ಯಾವುದಕ್ಕೆ ಉಜ್ಜುತ್ತದೆ ಎಂಬ ಮೂರಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ಈ ಹೆಜ್ಜೆಯನ್ನು ಹಾರಿಸಿ ನೇರವಾಗಿ ಬ್ರ್ಯಾಂಡ್ ಹೆಸರುಗಳ ಚರ್ಚೆಗೆ ಇಳಿಯುವುದು ದುಡ್ಡು ಪೋಲಾಗುವ ಹಾದಿ.

ನಮ್ಮ ಜಿಲ್ಲೆಯ ನೀರನ್ನು ಈ ದೃಷ್ಟಿಯಿಂದ ಸ್ಥೂಲವಾಗಿ ಹೀಗೆ ನೋಡಬಹುದು. ಅಳಿವೆ ಬಾಗಿಲು ಮತ್ತು ಕಡಲ ದಂಡೆಯಲ್ಲಿ ನೀರು ತೆರೆದಿರುತ್ತದೆ, ತಳ ಹೆಚ್ಚಾಗಿ ಮರಳಿನದು, ಮಧ್ಯಾಹ್ನ ಕಳೆದರೆ ಕಡಲಿನಿಂದ ಮುಖಕ್ಕೆ ಗಾಳಿ ಬೀಸುತ್ತದೆ, ದೂರದ ಎಸೆತ ಬೇಕಾಗುತ್ತದೆ. ಇಲ್ಲಿ ಏಳೆಂಟು ಅಡಿಯ ಸ್ಪಿನ್ನಿಂಗ್ ರಾಡಿಗೆ ಸಾಟಿಯಿಲ್ಲ. ಎದುರುಗಾಳಿಗೆ ಲೂರಿನ ವೇಗ ಥಟ್ಟನೆ ತಗ್ಗುವುದರಿಂದ ಕಾಸ್ಟಿಂಗ್ ರೀಲಿನಲ್ಲಿ ಗೋಜಲಾಗುವ ಸಂಭವ ಅತಿ ಹೆಚ್ಚಿರುವುದು ಇಂತಲ್ಲಿಯೇ. ಅಳಿವೆಯಿಂದ ಒಳಗೆ ಸರಿದು ಕಾಂಡ್ಲಾ ಕಾಡಿನ ಅಂಚು, ಕಗ್ಗಲ್ಲು ಕಟ್ಟಿದ ದಂಡೆ, ಸೇತುವೆಯ ಕಂಬಗಳ ಹತ್ತಿರ ಬಂದರೆ ಎಸೆತ 15 ಮೀಟರಿಗಿಂತ ಹೆಚ್ಚು ಬೇಕಾಗುವುದಿಲ್ಲ, ಬೇಕಾದದ್ದು ಗುರಿ ಮತ್ತು ಬಲ. ಮೀನು ಹಿಡಿದ ಮೊದಲ ಎರಡು ಮೂರು ಕ್ಷಣದಲ್ಲಿ ಅದರ ತಲೆಯನ್ನು ಹೊರಕ್ಕೆ ತಿರುಗಿಸಲಾಗದಿದ್ದರೆ ದಾರ ಬೇರಿಗೆ ಸುತ್ತಿ ತುಂಡಾದಂತೆಯೇ. ಅಲ್ಲಿ ಕಾಸ್ಟಿಂಗ್ ರಾಡ್ ತನ್ನ ಬೆಲೆಯನ್ನು ತೋರಿಸುತ್ತದೆ. ಕೆಂಬೇರಿ ಈ ವಿಷಯದಲ್ಲಿ ಕಾಳಾಂಜಿಗಿಂತಲೂ ಬಿರುಸು. ಅದು ಹಿಡಿದೊಡನೆ ಬಿಲಕ್ಕೆ ಹೊಗುತ್ತದೆ.

ಮಡೆಂಜಿಯಿರುವ ಕೆರೆ-ಮದಕಗಳಲ್ಲಿ ನೀರಿನ ಮೇಲೆ ಜೊಂಡು, ತಾವರೆಯೆಲೆ, ಅಂತರಗಂಗೆ ಹಬ್ಬಿರುತ್ತದೆ. ಅಲ್ಲಿ ಎಲೆಗಳ ಮೇಲೆ ಜಾರಿಸುವ ಟೊಳ್ಳು ರಬ್ಬರ್ ಕಪ್ಪೆಯೇ ಮುಖ್ಯ ಲೂರ್. ಅದರ ತೂಕ 10ರಿಂದ 20 ಗ್ರಾಂ ಇರುವುದರಿಂದಲೂ, ಮೀನನ್ನು ಗಿಡಗಳ ಸಮೇತ ಎಳೆಯಬೇಕಾಗುವುದರಿಂದಲೂ ಇದು ಕೂಡ ಕಾಸ್ಟಿಂಗ್ ರಾಡಿನ ಕ್ಷೇತ್ರ. ದೇವಸ್ಥಾನದ ಕೆರೆಗಳು, ಪಯಸ್ವಿನಿಯ ಮೇಲ್ಭಾಗದಲ್ಲಿ ತೊಡಿಕಾನದಂತಹ ದೇವರ ಮೀನುಗಳ ಮಡುಗಳು ಇದರಿಂದ ಹೊರಗು; ಅಲ್ಲಿ ಗಾಳ ಹಾಕುವ ಯೋಚನೆಯೇ ಸಲ್ಲದು.

ಎರಡನೆಯ ಹೆಜ್ಜೆ: ಲೂರಿನ ತೂಕ

ನೀರು ಗೊತ್ತಾದ ಮೇಲೆ ಲೂರ್ ಗೊತ್ತಾಗುತ್ತದೆ. ಜಿಗ್ ತಲೆಗೆ (ತೂಕದ ಗುಂಡು ಕೂಡಿದ ಕೊಕ್ಕೆಗೆ) ಚುಚ್ಚಿದ ರಬ್ಬರ್ ಸಿಗಡಿ ಅಥವಾ ಮೂರಿಂಚಿನ ಶ್ಯಾಡ್ (ರಬ್ಬರ್ ಮೀನು) ಆದರೆ ಒಟ್ಟು 5ರಿಂದ 12 ಗ್ರಾಂ. ನೀರಿನಲ್ಲಿ ತೊನೆಯುತ್ತ ಸಾಗುವ 9ರಿಂದ 12 ಸೆಂಟಿಮೀಟರಿನ ಮಿನೋ ಆದರೆ 12ರಿಂದ 25 ಗ್ರಾಂ. ನಿಮ್ಮ ಪೆಟ್ಟಿಗೆಯಲ್ಲಿರುವ ಅಥವಾ ಕೊಳ್ಳಬೇಕೆಂದಿರುವ ಲೂರುಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಪ್ರತಿಯೊಂದರ ತೂಕ ಬರೆದಿಡಿ. ಹೆಚ್ಚಿನವು 10 ಗ್ರಾಮಿಗಿಂತ ಕಡಿಮೆಯಾದರೆ ಸ್ಪಿನ್ನಿಂಗ್. ಹೆಚ್ಚಿನವು 14 ಗ್ರಾಮಿಗಿಂತ ಮೇಲಾದರೆ ಕಾಸ್ಟಿಂಗ್ ಅನುಕೂಲ. ನಡುವಿನ ತೂಕವನ್ನು ಎರಡೂ ನಿಭಾಯಿಸುತ್ತವೆ; ಆಗ ತೀರ್ಮಾನ ಮತ್ತೆ ನೀರಿಗೇ ಹೋಗಿ ಸೇರುತ್ತದೆ.

ರಾಡಿನ ಮೇಲೆ ಈ ತೂಕವನ್ನು ಹಲವು ಕಂಪನಿಗಳು ಔನ್ಸಿನಲ್ಲಿ ಬರೆಯುತ್ತವೆ. ಒಂದು ಔನ್ಸ್ ಎಂದರೆ 28 ಗ್ರಾಂ ಚಿಲ್ಲರೆ. ಕಾಲು ಔನ್ಸ್ 7 ಗ್ರಾಂ, ಅರ್ಧ ಔನ್ಸ್ 14 ಗ್ರಾಂ ಎಂದು ನೆನಪಿಟ್ಟುಕೊಂಡರೆ ಸಾಕು.

ಮೂರನೆಯ ಹೆಜ್ಜೆ: ಕೋಲಿನ ಮೇಲಿನ ಬರಹ ಓದುವುದು

ಹಿಡಿಕೆಯ ಸ್ವಲ್ಪ ಮೇಲೆ ಉದ್ದ, ಬಲ, ಬಾಗುವ ರೀತಿ, ದಾರದ ಮಿತಿ, ಲೂರಿನ ಮಿತಿ ಇಷ್ಟನ್ನೂ ಚಿಕ್ಕ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಬೆಲೆ ಕೇಳುವುದಕ್ಕಿಂತ ಮೊದಲು ಓದಬೇಕಾದದ್ದು ಇದನ್ನು.

ಇದರಲ್ಲಿ ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಪವರ್ ಮತ್ತು ಆ್ಯಕ್ಷನ್ ಎಂಬ ಎರಡು ಪದಗಳ ನಡುವೆ. ಪವರ್ ಎಂದರೆ ಕೋಲನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು; ಅಲ್ಟ್ರಾ ಲೈಟ್, ಲೈಟ್, ಮೀಡಿಯಂ ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂದು ಅದು ಏರುತ್ತ ಹೋಗುತ್ತದೆ. ಆ್ಯಕ್ಷನ್ ಎಂದರೆ ಕೋಲು ಎಲ್ಲಿಂದ ಬಾಗುತ್ತದೆ ಎಂಬುದು. ತುದಿಯ ಮೂರನೆಯ ಒಂದು ಭಾಗದಲ್ಲಷ್ಟೇ ಬಾಗಿದರೆ ಫಾಸ್ಟ್, ಅರ್ಧದವರೆಗೆ ಬಾಗಿದರೆ ಮಾಡರೇಟ್, ಹಿಡಿಕೆಯವರೆಗೂ ಬಾಗಿದರೆ ಸ್ಲೋ. ಇವೆರಡಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಹೆವಿ ಪವರಿನ ಮಾಡರೇಟ್ ಕೋಲೂ ಉಂಟು, ಲೈಟ್ ಪವರಿನ ಫಾಸ್ಟ್ ಕೋಲೂ ಉಂಟು.

ಜಿಗ್, ರಬ್ಬರ್ ಶ್ಯಾಡ್, ಕಪ್ಪೆ ಮುಂತಾದ ಒಂಟಿ ಕೊಕ್ಕೆಯ ಲೂರುಗಳಿಗೆ ಫಾಸ್ಟ್ ಒಳ್ಳೆಯದು, ಏಕೆಂದರೆ ದಪ್ಪ ಕೊಕ್ಕೆಯನ್ನು ಮೀನಿನ ಗಟ್ಟಿ ದವಡೆಗೆ ಚುಚ್ಚಲು ಮಣಿಕಟ್ಟಿನ ಬಲ ತಡವಿಲ್ಲದೆ ತುದಿಗೆ ತಲುಪಬೇಕು. ಮೂರು ಮುಳ್ಳಿನ ಕೊಕ್ಕೆಗಳಿರುವ ಮಿನೋಗಳಿಗೆ ಮಾಡರೇಟ್ ಅಥವಾ ಅದಕ್ಕೂ ಫಾಸ್ಟಿಗೂ ನಡುವಿನದು ಉತ್ತಮ. ಕಾಳಾಂಜಿ ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡವುವಾಗ ಕೋಲು ಆ ಕೊಡವಿಕೆಯನ್ನು ಹೀರಿಕೊಳ್ಳದಿದ್ದರೆ ಆ ಚಿಕ್ಕ ಮುಳ್ಳುಗಳು ಕಿತ್ತುಬರುತ್ತವೆ. ಕೊಳ್ಳುವವರು ಪವರಿನ ಬಗ್ಗೆ ಹತ್ತು ಪ್ರಶ್ನೆ ಕೇಳಿ ಆ್ಯಕ್ಷನ್ ಬಗ್ಗೆ ಒಂದನ್ನೂ ಕೇಳದಿರುವುದನ್ನು ಕಂಡಾಗ ಬೇಸರವಾಗುತ್ತದೆ, ಏಕೆಂದರೆ ಕೈತಪ್ಪುವ ಮೀನುಗಳಲ್ಲಿ ಎಷ್ಟೋ ಇದೇ ಕಾರಣಕ್ಕೆ ತಪ್ಪುತ್ತವೆ.

ಈ ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಕೋಲು ಹೇಳಬೇಕೆಂದರೆ, ಕಾಸರಗೋಡಿನಲ್ಲಿ ಹೊಸದಾಗಿ ತೊಡಗುವವರಿಗೆ 7 ಅಡಿಯ, ಮೀಡಿಯಂ ಅಥವಾ ಮೀಡಿಯಂ ಹೆವಿ ಪವರಿನ, 7ರಿಂದ 28 ಗ್ರಾಂ ಲೂರ್ ಎಸೆಯಬಲ್ಲ ಸ್ಪಿನ್ನಿಂಗ್ ರಾಡ್ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ 3000 ಅಥವಾ 4000 ಗಾತ್ರದ ರೀಲು ಸರಿಹೊಂದುತ್ತದೆ. ಇದು ಅಳಿವೆ ಬಾಗಿಲಿಗೂ ಆಗುತ್ತದೆ, ಹೊಳೆಯ ಒಳಗೂ ತಕ್ಕಮಟ್ಟಿಗೆ ನಡೆಯುತ್ತದೆ, ಕೊಕ್ಕರ್ ಮೀನಿಗೂ ಸಾಲುತ್ತದೆ. ಕಾಂಡ್ಲಾ ಬೇರುಗಳ ನಡುವೆ ಮತ್ತೆ ಮತ್ತೆ ಹೋಗಬೇಕೆಂಬ ಆಸೆ ಹುಟ್ಟಿದ ಮೇಲೆ ಎರಡನೆಯ ಕೋಲಾಗಿ ಆರೂವರೆ ಅಡಿಯ, ಮೀಡಿಯಂ ಹೆವಿ ಪವರಿನ ಕಾಸ್ಟಿಂಗ್ ರಾಡ್ ಬರಲಿ. ತಲೆಯ ಮೇಲೆ ಕೊಂಬೆಗಳು ಚಾಚಿರುವ ಜಾಗದಲ್ಲಿ ಉದ್ದದ ಕೋಲು ತೊಡಕಾಗುವುದರಿಂದ ಇಲ್ಲಿ ಉದ್ದ ಕಡಿಮೆ. ಮೊದಲಿನಿಂದಲೂ ಮಡೆಂಜಿಯನ್ನೇ ನೆಚ್ಚಿಕೊಂಡವರು ಮಾತ್ರ ನೇರವಾಗಿ ಕಾಸ್ಟಿಂಗಿಗೇ ಹೋಗಬಹುದು. ಅವರಿಗೆ 7 ಅಡಿಯ ಹೆವಿ ಕೋಲು ಬೇಕು.

ನಾಲ್ಕನೆಯ ಹೆಜ್ಜೆ: ಅಂಗಡಿಯಲ್ಲಿ ಪರೀಕ್ಷೆ

ಕಾಸ್ಟಿಂಗ್ ರೀಲಿನ ಹ್ಯಾಂಡಲ್ ಯಾವ ಬದಿಗಿದೆಯೆಂದು ಮೊದಲು ನೋಡಿ. ಸ್ಪಿನ್ನಿಂಗ್ ರೀಲಿನಲ್ಲಿ ಸಾಮಾನ್ಯವಾಗಿ ಹ್ಯಾಂಡಲನ್ನು ಬಿಚ್ಚಿ ಎಡಕ್ಕೋ ಬಲಕ್ಕೋ ಹಾಕಬಹುದು; ಕಾಸ್ಟಿಂಗ್ ರೀಲಿನಲ್ಲಿ ಅದು ಸಾಧ್ಯವಿಲ್ಲ, ಕೊಂಡದ್ದೇ ಕೊನೆ. ಬಲಗೈಯಲ್ಲಿ ಎಸೆದು, ಕೋಲನ್ನು ಕೈ ಬದಲಿಸದೆ ಎಡಗೈಯಲ್ಲೇ ಸುತ್ತಬೇಕೆನ್ನುವವರು ಎಡಬದಿಯ ಹ್ಯಾಂಡಲಿನದನ್ನೇ ಕೇಳಿ ತರಿಸಿಕೊಳ್ಳಬೇಕು.

ಉಂಗುರಗಳ ಪರೀಕ್ಷೆಗೆ ಕಿವಿ ಚೊಕ್ಕಟ ಮಾಡುವ ಹತ್ತಿಕಡ್ಡಿ ಸಾಕು. ಪ್ರತಿ ಉಂಗುರದ ಒಳಗೆ ಅದನ್ನು ಒಂದು ಸುತ್ತು ತಿರುಗಿಸಿ. ಒಳಗಿನ ಸೆರಾಮಿಕ್ ಬಳೆಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಬಿರುಕು ಬ್ರೇಡ್ ಎಂಬ ಹೆಣೆದ ದಾರವನ್ನು ಬ್ಲೇಡಿನಂತೆ ಕೊಯ್ಯುತ್ತದೆ, ಮತ್ತು ದಾರ ಏಕೆ ತುಂಡಾಗುತ್ತಿದೆ ಎಂಬುದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಬಳಿಕ ಕೋಲನ್ನು ಹಿಡಿಕೆಯಿಂದ ತುದಿಯವರೆಗೆ ಒಂದು ಕಣ್ಣು ಮುಚ್ಚಿ ನೋಡಿ, ಉಂಗುರಗಳು ಒಂದೇ ಸಾಲಿನಲ್ಲಿವೆಯೇ ಎಂದು ಗಮನಿಸಿ. ಅಂಗಡಿಯವರ ಅನುಮತಿ ಪಡೆದು ರೀಲನ್ನು ಕಟ್ಟಿಸಿ, ಹಿಡಿದು ನೋಡಿ. ಕೋಲಿನ ಮೂತಿ ಕೆಳಕ್ಕೆ ಜಗ್ಗುತ್ತಿದ್ದರೆ ಅರ್ಧ ದಿನ ಎಸೆದಾಗ ಮಣಿಕಟ್ಟು ಸೋಲುತ್ತದೆ.

ಬೈಕಿನಲ್ಲೋ ಬಸ್ಸಿನಲ್ಲೋ ಹೋಗುವವರಿಗೆ ಎರಡು ತುಂಡಿನ ಕೋಲೇ ಸೂಕ್ತ. ಒಂದೇ ತುಂಡಿನದು ಹೆಚ್ಚು ಬಲವೆಂಬ ಮಾತಿನಲ್ಲಿ ಸತ್ಯವಿದ್ದರೂ, ದಾರಿಯಲ್ಲಿ ಬಾಗಿಲಿಗೆ ಸಿಕ್ಕಿ ತುದಿ ಮುರಿದ ಕೋಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಕಾರ್ಬನ್ ಕೋಲು ಹಗುರ, ಸೂಕ್ಷ್ಮ, ಆದರೆ ಪೆಟ್ಟು ತಾಳದು. ಗ್ಲಾಸ್ ಫೈಬರಿನದು ಭಾರ, ಆದರೆ ಒರಟು ಬಳಕೆಯನ್ನು ತಾಳುತ್ತದೆ. ದುಡ್ಡು ಸೀಮಿತವಾಗಿದ್ದರೆ ಸ್ಪಿನ್ನಿಂಗ್ ರೀಲಿನಲ್ಲಿ ಸಾಧಾರಣ ಬೆಲೆಯದೂ ನಡೆಯುತ್ತದೆ. ತೀರ ಅಗ್ಗದ ಕಾಸ್ಟಿಂಗ್ ರೀಲು ಮಾತ್ರ ಬೇಡ, ಅದರ ಬ್ರೇಕ್ ಕೈಕೊಟ್ಟರೆ ಕಲಿಯುವ ಉತ್ಸಾಹವೇ ಇಂಗಿಹೋಗುತ್ತದೆ.

ಐದನೆಯ ಹೆಜ್ಜೆ: ದಾರ, ಲೀಡರ್, ಡ್ರ್ಯಾಗ್

ಸ್ಪಿನ್ನಿಂಗ್ ರೀಲಿಗೆ 15ರಿಂದ 25 ಪೌಂಡಿನ ತೆಳು ಬ್ರೇಡ್, ಕಾಸ್ಟಿಂಗ್ ರೀಲಿಗೆ 30ರಿಂದ 50 ಪೌಂಡಿನ ಬ್ರೇಡ್ ನಮ್ಮ ನೀರಿಗೆ ಹೊಂದುತ್ತದೆ. ಜಪಾನಿನ ದಾರಗಳ ಮೇಲೆ ಪಿಇ ಎಂಬ ಸಂಖ್ಯೆಯಿರುತ್ತದೆ. ಅದು ದಪ್ಪದ ಅಳತೆ, ಬಲದ್ದಲ್ಲ. ಪಿಇ 1 ಎಂದರೆ 0.165 ಮಿಲಿಮೀಟರ್, ಪಿಇ 2 ಎಂದರೆ 0.235 ಮಿಲಿಮೀಟರ್. ಸ್ಪಿನ್ನಿಂಗ್ ಸ್ಪೂಲನ್ನು ಅಂಚಿಗೆ ಒಂದೆರಡು ಮಿಲಿಮೀಟರ್ ಬಾಕಿ ಇರುವಷ್ಟು ತುಂಬಬೇಕು. ತೀರ ಕಡಿಮೆ ತುಂಬಿದರೆ ಎಸೆತ ಮೊಟಕಾಗುತ್ತದೆ, ತೀರ ಹೆಚ್ಚಾದರೆ ಸುತ್ತುಗಳು ಗುಂಪಾಗಿ ಹೊರಬೀಳುತ್ತವೆ. ಬ್ರೇಡ್ ಜಾರುವ ದಾರವಾದ್ದರಿಂದ ಸ್ಪೂಲಿಗೆ ಮೊದಲು ಕೆಲವು ಸುತ್ತು ಮೋನೋ (ಒಂಟಿ ಎಳೆಯ) ದಾರ ಸುತ್ತಿ ಅದಕ್ಕೆ ಬ್ರೇಡ್ ಕಟ್ಟುವುದು ಕ್ಷೇಮ.

ಕಾಳಾಂಜಿಯ ಬಾಯಿಯೊಳಗು ಅರದಂತೆ ಒರಟು, ಕಿವಿರಿನ ಮುಚ್ಚಳದ ಅಂಚು ಹರಿತ. ಹಾಗಾಗಿ ಬ್ರೇಡಿನ ತುದಿಗೆ 30ರಿಂದ 50 ಪೌಂಡಿನ ಮೋನೋ ಅಥವಾ ಫ್ಲೋರೋಕಾರ್ಬನ್ ಲೀಡರ್ ಒಂದು ಮೀಟರಿನಷ್ಟಾದರೂ ಇರಲೇಬೇಕು. ಇವೆರಡನ್ನು ಕೂಡಿಸಲು ಎಫ್‌ಜಿ ಗಂಟು ಎಲ್ಲಕ್ಕಿಂತ ತೆಳು ಹಾಗೂ ಬಲ. ಉಂಗುರಗಳಲ್ಲಿ ಸಿಕ್ಕಿಕೊಳ್ಳದೆ ಹಾಯುತ್ತದೆ. ಚಿಕ್ಕ ಉಂಗುರಗಳ ಕಾಸ್ಟಿಂಗ್ ರಾಡಿನಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಹೊಳೆಯ ದಂಡೆಯಲ್ಲಿ ಗಾಳಿಗೆ ನಿಂತು ಅದನ್ನು ಕಲಿಯಲಾಗದು. ಮನೆಯಲ್ಲಿ ಕುಳಿತು ಕೈ ತಾನಾಗಿ ಸಾಗುವವರೆಗೆ ಕಟ್ಟಿ ಬಿಚ್ಚಿ ಮಾಡಬೇಕು.

ಮೀನು ಜೋರಾಗಿ ಎಳೆದಾಗ ದಾರವನ್ನು ಜಾರಲು ಬಿಡುವ ರೀಲಿನ ಬಿಗಿತ, ಅಂದರೆ ಡ್ರ್ಯಾಗನ್ನು, ಕೈಯಂದಾಜಿಗೆ ಬಿಡಬೇಡಿ. ದಾರದ ಬಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಅದು ಬಿಗಿಯಾಗಿರಬೇಕು. 20 ಪೌಂಡಿನ, ಅಂದರೆ ಸುಮಾರು 9 ಕಿಲೋ ಬಲದ ದಾರಕ್ಕೆ 2.2ರಿಂದ 3 ಕಿಲೋ. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ಕೋಲನ್ನು ಬಾಗಿಸಿ ಎಳೆದರೆ ಎಷ್ಟಕ್ಕೆ ಜಾರುತ್ತದೆಂದು ಸರಿಯಾಗಿ ತಿಳಿಯುತ್ತದೆ. ಡ್ರ್ಯಾಗ್ ಜಾರುತ್ತಿರುವಾಗ ಸ್ಪಿನ್ನಿಂಗ್ ರೀಲಿನ ಹ್ಯಾಂಡಲ್ ತಿರುಗಿಸುವ ಅಭ್ಯಾಸ ಬೇಡ. ದಾರ ಒಳಬರುವುದಿಲ್ಲ, ತಿರುಚು ಮಾತ್ರ ಹೆಚ್ಚುತ್ತದೆ. ಎಸೆದ ಬಳಿಕ ದಾರ ಹಿಡಿಯುವ ತಂತಿಕಮಾನನ್ನು ಹ್ಯಾಂಡಲ್ ತಿರುಗಿಸಿ ಮುಚ್ಚುವ ಬದಲು ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿಗೊಳಿಸಿದರೆ ಗೋಜಲಿನ ಬಹುಪಾಲು ತಪ್ಪುತ್ತದೆ.

ಆರನೆಯ ಹೆಜ್ಜೆ: ಅಂಗಳದಲ್ಲಿ ಅಭ್ಯಾಸ

ಸ್ಪಿನ್ನಿಂಗ್ ರಾಡಿನ ಎಸೆತವನ್ನು ಒಂದು ಸಂಜೆಯಲ್ಲಿ ರೂಢಿಸಿಕೊಳ್ಳಬಹುದು. ದಾರವನ್ನು ತೋರುಬೆರಳಿನ ತುದಿಯಲ್ಲಿ ಹಿಡಿದು, ಕಮಾನನ್ನು ತೆರೆದು, ಕೋಲು ಮುಂದಕ್ಕೆ ಬರುವಾಗ ಬೆರಳು ಬಿಡುವ ಗಳಿಗೆಯೊಂದನ್ನು ಕಂಡುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ. ಬೇಗ ಬಿಟ್ಟರೆ ಲೂರ್ ಮೇಲಕ್ಕೆ ಹಾರುತ್ತದೆ, ತಡವಾದರೆ ಕಾಲಬುಡದಲ್ಲಿ ಬೀಳುತ್ತದೆ.

ಕಾಸ್ಟಿಂಗಿಗೆ ಹೆಚ್ಚು ತಾಳ್ಮೆ ಬೇಕು. ಅಂಗಳದಲ್ಲಿ ಅಥವಾ ಕೊಯ್ಲು ಮುಗಿದ ಗದ್ದೆಯಲ್ಲಿ ಒಂದು ಅಡಿಕೆ ಹಾಳೆಯನ್ನು ಹತ್ತು ಮೀಟರ್ ದೂರದಲ್ಲಿ ಹಾಸಿ, ಕೊಕ್ಕೆಯಿಲ್ಲದ 15 ಗ್ರಾಂ ತೂಕದ ಗುಂಡನ್ನು ಕಟ್ಟಿಕೊಳ್ಳಿ. ಮೊದಲು ಹ್ಯಾಂಡಲಿನ ಪಕ್ಕದ ಚಿಕ್ಕ ತಿರುಪನ್ನು ಸರಿಪಡಿಸಬೇಕು. ಗುಂಡಿಯೊತ್ತಿ ದಾರ ಬಿಟ್ಟಾಗ ಗುಂಡು ನಿಧಾನವಾಗಿ ಇಳಿದು, ನೆಲ ಮುಟ್ಟಿದೊಡನೆ ಸ್ಪೂಲ್ ತಾನೇ ನಿಲ್ಲುವಷ್ಟು ಅದು ಬಿಗಿಯಾಗಿರಲಿ. ಲೂರ್ ಬದಲಿಸಿದಾಗಲೆಲ್ಲ ಈ ಹೊಂದಾಣಿಕೆಯನ್ನು ಮತ್ತೆ ಮಾಡಬೇಕಾಗುತ್ತದೆ, ಹಲವರು ಮರೆಯುವುದು ಇದನ್ನೇ. ಇನ್ನೊಂದು ಬದಿಯಲ್ಲಿರುವ ಅಯಸ್ಕಾಂತದ ಅಥವಾ ಕೇಂದ್ರಾಪಗಾಮಿ ಬ್ರೇಕನ್ನು ಆರಂಭದಲ್ಲಿ ಹೆಚ್ಚಾಗಿಯೇ ಇಟ್ಟು, ಕೈ ಪಳಗಿದಂತೆ ಒಂದೊಂದೇ ಅಂಕಿ ಇಳಿಸುತ್ತ ಬರಬೇಕು. ಅಭ್ಯಾಸದ ಅವಧಿಗೆ ಬ್ರೇಡಿಗಿಂತ 12ರಿಂದ 14 ಪೌಂಡಿನ ಮೋನೋ ದಾರ ಒಳ್ಳೆಯದು. ಗೋಜಲಾದರೂ ಬಿಡಿಸಲು ಬರುತ್ತದೆ.

ಎಸೆಯುವಾಗ ಕೋಲನ್ನು ಕುಪ್ಪಳಿಸದೆ ಒಂದೇ ಓಟದಲ್ಲಿ ಬೀಸಬೇಕು. ಕೋಲನ್ನು ಜಟಕಾಯಿಸಿದರೆ ಸ್ಪೂಲ್ ಒಮ್ಮೆಲೇ ವೇಗ ಪಡೆದು ದಾರ ಅದನ್ನು ಅನುಸರಿಸಲಾಗದೆ ಉಬ್ಬುತ್ತದೆ. ಗುಂಡು ಹಾಳೆಗೆ ತಾಗುವ ಸ್ವಲ್ಪ ಮೊದಲೇ ಹೆಬ್ಬೆರಳು ಸ್ಪೂಲನ್ನು ನಿಲ್ಲಿಸಿರಬೇಕು. ಒಣಗಿದ ಹಾಳೆಯ ಮೇಲೆ ಗುಂಡು ಬಿದ್ದ ಸದ್ದು ಪ್ರತಿ ಎಸೆತದ ಫಲವನ್ನು ತಿಳಿಸುತ್ತದೆ: ಢಣ್ಣೆಂದರೆ ಬೆರಳು ತಡವಾಗಿದೆ, ಮೆತ್ತಗೆ ತಟ್ಟಿದರೆ ಸರಿಯಾಗಿದೆ. ಹೊಳೆಯಲ್ಲಿ ಕಾಂಡ್ಲಾ ನೆರಳಿನಲ್ಲಿ ನಿಂತ ಮೀನನ್ನು ಬೆಚ್ಚಿಸುವುದೋ ಕೆಣಕುವುದೋ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ನೀರಿನ ಬಳಿ

ಕಾರ್ಬನ್ ಕೋಲು ವಿದ್ಯುತ್ತನ್ನು ಹರಿಯಗೊಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲೂ ಅಕ್ಟೋಬರ್-ನವೆಂಬರ್‌ನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಸಾಮಾನ್ಯವಾದ ನಮ್ಮ ನಾಡಿನಲ್ಲಿ, ಮೊದಲ ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ತೆರೆದ ದಂಡೆಯಿಂದ ಹೊರಡಬೇಕು. ತೋಟದ ಅಂಚಿನಲ್ಲಿ ತಗ್ಗಿಗೆ ಇಳಿಬಿದ್ದ ವಿದ್ಯುತ್ ತಂತಿಗಳ ಕೆಳಗೆ ಕೋಲನ್ನು ಎತ್ತಿ ಹಿಡಿದು ನಡೆಯಬಾರದು. ಮಳೆಗಾಲದಲ್ಲಿ ಅಳಿವೆ ಬಾಗಿಲು ಮತ್ತು ಅಲೆತಡೆ ಗೋಡೆಗಳ ಮೇಲೆ ಒಬ್ಬರೇ ನಿಲ್ಲುವ ಸಾಹಸ ಬೇಡ.

ಕಾಳಾಂಜಿಯನ್ನು ಕಿವಿರಿಗೆ ಬೆರಳಿಟ್ಟು ಎತ್ತಿದರೆ ಕೈ ಕೊಯ್ಯುತ್ತದೆ. ಕೆಳದವಡೆಯನ್ನು ಲಿಪ್ ಗ್ರಿಪ್‌ನಿಂದ ಹಿಡಿದು, ಇನ್ನೊಂದು ಒದ್ದೆ ಕೈಯಿಂದ ಹೊಟ್ಟೆಗೆ ಆಧಾರ ಕೊಡಬೇಕು. ಈ ಮೀನು ಗಂಡಾಗಿ ಬೆಳೆದು ಕೆಲವು ವರ್ಷಗಳ ಬಳಿಕ ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ತೀರ ದೊಡ್ಡ ಮೀನುಗಳಲ್ಲಿ ಹೆಚ್ಚಿನವು ಹೆಣ್ಣು, ಮಳೆಗಾಲದ ಆಸುಪಾಸಿನಲ್ಲಿ ಅಳಿವೆಯ ಉಪ್ಪುನೀರಿನಲ್ಲಿ ಮೊಟ್ಟೆಯಿಡುವವು. ಅವನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಊಟಕ್ಕೆ ಮಧ್ಯಮ ಗಾತ್ರದ ಒಂದು ಮೀನು ಧಾರಾಳ. ಬಲವಾದ ಕೋಲಿನ ಆಯ್ಕೆಗೂ ಇದಕ್ಕೂ ಸಂಬಂಧವಿದೆ. ದುರ್ಬಲ ಕೋಲಿನಲ್ಲಿ ಬಹಳ ಹೊತ್ತು ಜಗ್ಗಾಡಿ ಸುಸ್ತಾದ ಮೀನು ಬಿಟ್ಟರೂ ಬದುಕುವುದು ಕಷ್ಟ, ಬೇರಿಗೆ ಸುತ್ತಿ ದಾರ ಕಡಿದುಕೊಂಡ ಮೀನು ಮೂರು ಮುಳ್ಳಿನ ಕೊಕ್ಕೆಯನ್ನು ಬಾಯಲ್ಲಿಟ್ಟುಕೊಂಡು ತಿರುಗಬೇಕಾಗುತ್ತದೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ ಬಿಡಿಸುವುದು ಸುಲಭ. ನಿಮ್ಮ ಬೆರಳಿಗೆ ಚುಚ್ಚಿದಾಗಲೂ ಅದೇ ಉಪಕಾರ.

ಮನೆಗೆ ಮರಳಿದ ಮೇಲೆ ಉಪ್ಪು ತೊಳೆಯುವ ಕೆಲಸವನ್ನು ಮರುದಿನಕ್ಕೆ ಉಳಿಸಬಾರದು. ರೀಲಿನ ಡ್ರ್ಯಾಗನ್ನು ಮೊದಲು ಬಿಗಿಗೊಳಿಸಿ, ಸಿಹಿನೀರನ್ನು ತೆಳುವಾಗಿ ಹನಿಸಿ, ಒತ್ತಡದ ಪೈಪ್ ಹಿಡಿಯದೆ ತೊಳೆಯಿರಿ. ಜೋರಾದ ನೀರು ಉಪ್ಪನ್ನು ಬೇರಿಂಗ್‌ಗಳ ಒಳಗೇ ತಳ್ಳುತ್ತದೆ. ಕೋಲಿನ ಪ್ರತಿ ಉಂಗುರದ ಬುಡವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎರಡು ತುಂಡುಗಳನ್ನು ಬೇರ್ಪಡಿಸಿ, ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು ಅಂಟಿಹೋಗುತ್ತವೆ. ಕಾಸ್ಟಿಂಗ್ ರೀಲಿನ ಮುಂಭಾಗದಲ್ಲಿ ದಾರವನ್ನು ಅತ್ತಿತ್ತ ಹಂಚುವ ಸುರುಳಿಕಡ್ಡಿಯೊಂದಿದೆ. ಮರಳಿನ ಒಂದು ಕಣ ಸಿಕ್ಕಿಕೊಂಡರೂ ಅದು ಸವೆಯುತ್ತದೆ, ಆದ್ದರಿಂದ ಅದನ್ನು ಹತ್ತಿಕಡ್ಡಿಯಿಂದ ಒರೆಸಿ ಒಂದು ಹನಿ ರೀಲ್ ಎಣ್ಣೆ ಬಿಟ್ಟ ಮೇಲೆಯೇ ಚೀಲಕ್ಕೆ ಹಾಕಬೇಕು.